ಹುಬ್ಬಳ್ಳಿಯಿಂದ ಲಡಾಖ್ ಪ್ಯಾಕೇಜ್: ಮೇ ಸೂಟಿಯದೋ, ಸೆಪ್ಟೆಂಬರಿನದೋ?

ಹುಬ್ಬಳ್ಳಿ-ಧಾರವಾಡದ ಟ್ರಾವೆಲ್ಸ್ ಅಂಗಡಿಗಳು ಮಾರುವ ಲಡಾಖ್ ಪ್ಯಾಕೇಜುಗಳ ಹೆಸರು ಬೇರೆ ಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಐದು ರಾತ್ರಿ, ಆರು ದಿನ. ಮೊದಲ ದಿನ ದಿಲ್ಲಿಯಿಂದ ಲೇಹ್‌ಗೆ ವಿಮಾನ. ಎರಡನೇ ದಿನ ಸಿಂಧೂ-ಝನ್ಸ್ಕಾರ್ ಸಂಗಮ ಮತ್ತು ಪತ್ಥರ್ ಸಾಹಿಬ್ ಗುರುದ್ವಾರ. ಮೂರನೇ ದಿನ ಖರ್ದುಂಗ್ ಲಾ (ಲಾ ಎಂದರೆ ಬೆಟ್ಟ ದಾಟುವ ಘಟ್ಟದ ದಾರಿ) ದಾಟಿ ನುಬ್ರಾ, ನಾಲ್ಕಕ್ಕೆ ಶ್ಯೋಕ್ ನದಿಯ ದಾರಿ ಹಿಡಿದು ಪ್ಯಾಂಗಾಂಗ್ ಸರೋವರ, ಐದಕ್ಕೆ ಚಾಂಗ್ ಲಾ ಮೇಲಿಂದ ಮರಳಿ ಲೇಹ್, ಆರನೇ ದಿನ ಬೆಳಗ್ಗೆ ವಿಮಾನ. ಇಲ್ಲಿ ತೂಗಿ ನೋಡುತ್ತಿರುವುದು ಈ ಪ್ಯಾಕೇಜನ್ನೇ, ಯಾವುದೋ ಒಂದು ಅಂಗಡಿಯನ್ನಲ್ಲ.

ಜಾಗಗಳ ಆಯ್ಕೆಯಲ್ಲಿ ದೋಷವಿಲ್ಲ. ದೋಷ ಇರುವುದು ತಾರೀಖಿನಲ್ಲಿ. ನಮ್ಮ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಸೂಟಿ. ಹುಬ್ಬಳ್ಳಿ ಬಿಸಿಲಿಗೆ ಬೆಂದ ಮಂದಿ ಥಂಡಿ ಊರು ಹುಡುಕುವುದೂ ಆಗಲೇ. ಅದಕ್ಕೆ ತಕ್ಕಂತೆ ಪ್ಯಾಕೇಜುಗಳೂ ಆ ಆರೇಳು ವಾರಗಳಲ್ಲೇ ತುಂಬಿಕೊಳ್ಳುತ್ತವೆ. ಆದರೆ ಬೆಟ್ಟಕ್ಕೆ ನಮ್ಮ ಶಾಲೆಯ ಗಂಟೆ ಕೇಳಿಸುವುದಿಲ್ಲ.

ಏಪ್ರಿಲ್‌ನಲ್ಲಿ ಮನಾಲಿ-ಲೇಹ್ ರಸ್ತೆ ಸಾಮಾನ್ಯವಾಗಿ ಇನ್ನೂ ಹಿಮದಡಿ ಇರುತ್ತದೆ. ಅಟಲ್ ಸುರಂಗ 2020ರ ಅಕ್ಟೋಬರ್‌ನಲ್ಲಿ ತೆರೆದ ಮೇಲೆ ರೋಹ್ತಾಂಗ್ ಕಣಿವೆಯ ತೊಡಕು ತಪ್ಪಿತು, ನಿಜ. ಆದರೆ ಅದರಾಚೆಗಿನ ಬಾರಾಲಾಚಾ ಲಾ, ತಂಗ್ಲಾಂಗ್ ಲಾ ಹಾಗೇ ಇವೆ. ತಂಗ್ಲಾಂಗ್ ಲಾ 5,300 ಮೀಟರ್ ದಾಟುತ್ತದೆ. ಗಡಿ ರಸ್ತೆ ಸಂಸ್ಥೆಯವರು ಹಿಮ ಕಡಿದು ದಾರಿ ಬಿಡಿಸುವ ದಿನ ವರ್ಷ ವರ್ಷ ಬದಲಾಗುತ್ತದೆ, ಒಮ್ಮೊಮ್ಮೆ ಜೂನ್ ಆರಂಭಕ್ಕೂ ಹೋಗುತ್ತದೆ. ‘ಮೇ 10ಕ್ಕೆ ಮನಾಲಿ ಮೂಲಕ ಲೇಹ್’ ಎಂದು ಫೆಬ್ರುವರಿಯಲ್ಲೇ ಬರೆದುಕೊಡುವವರು ಭರವಸೆ ಕೊಡುತ್ತಿಲ್ಲ, ಊಹೆ ಮಾರುತ್ತಿದ್ದಾರೆ. ದಾರಿ ತೆರೆಯದಿದ್ದರೆ ವಿಮಾನದ ಟಿಕೆಟ್ ಯಾರ ರೊಕ್ಕ ಎಂದು ಮುಂಗಡ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಮೇ ಸೂಟಿ ಬಿಟ್ಟರೆ ಬೇರೆ ದಾರಿಯೇ ಇಲ್ಲ ಎನ್ನುವ ಕುಟುಂಬ ಮೇ 20ರ ನಂತರದ ತಂಡ ಆರಿಸಿ ವಿಮಾನದಲ್ಲೇ ಹೋಗಲಿ. ಹಗಲು ಹಿತವಾಗಿರುತ್ತದೆ, ರಾತ್ರಿ ಶೂನ್ಯದ ಹತ್ತಿರಕ್ಕೆ ಇಳಿಯುತ್ತದೆ, ಸರೋವರದ ಮಂಜುಗಡ್ಡೆ ಕರಗಿರುತ್ತದೆ. ಏಪ್ರಿಲ್ ನಡುವಿನಲ್ಲಿ ಹೋಗಲು ಒಂದೇ ಒಂದು ಒಳ್ಳೆಯ ಕಾರಣವಿದೆ: ತಗ್ಗಿನ ಹಳ್ಳಿಗಳಲ್ಲಿ ಆಗ ಜರ್ದಾಳು ಮರಗಳು ಎಲೆ ಬಿಡುವ ಮುಂಚೆ ಮೈತುಂಬ ಹೂ ಬಿಟ್ಟಿರುತ್ತವೆ. ಅದನ್ನು ನೋಡುವ ಆಸೆ ಇದ್ದವರು ಪ್ಯಾಂಗಾಂಗ್ ಕೈಬಿಟ್ಟು ಹಳ್ಳಿಗಳಲ್ಲೇ ಉಳಿಯುವುದು ಒಳ್ಳೆಯದು.

ಜುಲೈ-ಆಗಸ್ಟ್ ಬಗ್ಗೆ ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ‘ಮಳೆಗಾಲ, ಬೇಡ’ ಎನ್ನುವುದು ಒಂದು, ‘ಅಲ್ಲಿ ಮಳೇನ ಇಲ್ಲ, ಚಿಂತಿ ಬ್ಯಾಡ’ ಎನ್ನುವುದು ಇನ್ನೊಂದು. ಲಡಾಖ್ ಹಿಮಾಲಯದ ಮಳೆನೆರಳಿನಲ್ಲಿದೆ. ಲೇಹ್‌ಗೆ ವರ್ಷಕ್ಕೆ ಬೀಳುವುದು ಸುಮಾರು 100 ಮಿಲಿಮೀಟರ್ ಮಳೆ, ನಮ್ಮಲ್ಲಿ ಒಂದು ಒಳ್ಳೆಯ ಮಳೆ ವಾರದಲ್ಲಿ ಸುರಿಯುವಷ್ಟು. ಆದರೆ ಅಲ್ಲಿಗೆ ಮುಟ್ಟುವ ದಾರಿ ಮಳೆನೆರಳಿನಲ್ಲಿಲ್ಲ. 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ಕುಲ್ಲು-ಮನಾಲಿಯ ರಸ್ತೆಗಳು ಕೊಚ್ಚಿಹೋದವು. ಲೇಹ್ ಊರಿನಲ್ಲೇ 2010ರ ಆಗಸ್ಟ್ ಮೊದಲ ವಾರ ಮೇಘಸ್ಫೋಟವಾಗಿ ಬಹಳ ಜನ ಸತ್ತರು. ಅಲ್ಲಿನ ಮಣ್ಣಿನ ಮನೆಗಳಾಗಲಿ ಹುಲ್ಲಿಲ್ಲದ ಗುಡ್ಡಗಳಾಗಲಿ ಜೋರು ಮಳೆ ತಡೆಯುವಂಥವಲ್ಲ. ಹೀಗಾಗಿ ಈ ಎರಡು ತಿಂಗಳು ವಿಮಾನದಲ್ಲಿ ಹೋಗುವ ಪ್ಯಾಕೇಜಾದರೆ ತಗೊಳ್ಳಿ, ರಸ್ತೆಯದಾದರೆ ಬಿಡಿ.

ಇದೇ ಹೊತ್ತಿನಲ್ಲಿ ಶ್ಯೋಕ್ ದಾರಿಯ ಬಗ್ಗೆಯೂ ಎಚ್ಚರ ಬೇಕು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ, ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನಾಲಾ ಮಧ್ಯಾಹ್ನಕ್ಕೆ ಗಾಡಿಯ ಗಾಲಿ ಮುಳುಗುವಷ್ಟಾಗುತ್ತದೆ. ನುಬ್ರಾದಿಂದ ನಸುಕಿನಲ್ಲೇ ಹೊರಡುವ ತಂಡಕ್ಕೆ ತೊಂದರೆ ಕಡಿಮೆ. ‘ನಾಷ್ಟಾ ಮುಗಿಸಿ 10ಕ್ಕೆ ಹೊರಡುವುದು’ ಎಂದು ಕರಪತ್ರದಲ್ಲಿದ್ದರೆ ಆ ಸಾಲನ್ನು ಬದಲಾಯಿಸಿಕೊಳ್ಳಿ.

ಎಲ್ಲ ತೂಗಿ ನೋಡಿದರೆ ಸೆಪ್ಟೆಂಬರ್‌ನ ಮೊದಲ ಮೂರು ವಾರವೇ ಸರಿ. ಮಳೆಯ ಕಾಟ ಇಳಿದಿರುತ್ತದೆ, ಹಿಮ ಕರಗುವುದು ಕಡಿಮೆಯಾಗಿ ನಾಲಾಗಳು ಸೊರಗಿರುತ್ತವೆ, ಗಾಳಿಯಲ್ಲಿ ದೂಳಿಲ್ಲದೆ ದೂರದ ಶಿಖರಗಳು ಗೆರೆ ಎಳೆದಂತೆ ಕಾಣುತ್ತವೆ. ಲೇಹ್‌ನಲ್ಲಿ ಹಗಲು 20 ಡಿಗ್ರಿ ಆಸುಪಾಸು, ರಾತ್ರಿ ಐದರ ಹತ್ತಿರ. ದಸರಾ ಸೂಟಿ ಬೇಗ ಬಂದ ವರ್ಷ ಮಕ್ಕಳನ್ನೂ ಕರೆದೊಯ್ಯಬಹುದು. ಲೇಹ್‌ನ ಪಾಪ್ಲರ್ ಮರಗಳು ಆಗ ಅರಿಶಿನ ಬಣ್ಣಕ್ಕೆ ತಿರುಗುತ್ತಿರುತ್ತವೆ. ಆದರೆ ಅಕ್ಟೋಬರ್ ಮಧ್ಯ ದಾಟಿದರೆ ಪ್ಯಾಂಗಾಂಗ್ ದಂಡೆಯ ಡೇರೆಗಳನ್ನು ಕೀಳುತ್ತಾರೆ, ನಳದ ನೀರು ಹೆಪ್ಪುಗಟ್ಟುತ್ತದೆ. ದೀಪಾವಳಿ ಸೂಟಿಗೆ ಲಡಾಖ್ ಬೇಡ.

ಇದೇ ಅಂಗಡಿಗಳು ಕೇದಾರನಾಥದ ತಂಡವನ್ನೂ ಕಳಿಸುತ್ತವೆ. ಅಲ್ಲಿನ ಲೆಕ್ಕ ಬೇರೆ. ಕೇದಾರ ಮಳೆ ಬೀಳುವ ಮಗ್ಗುಲಿನಲ್ಲಿದೆ. 2013ರ ಜೂನ್ 16-17ರ ಪ್ರಳಯವನ್ನು ಯಾರೂ ಮರೆತಿಲ್ಲ. ಅಲ್ಲಿಗೆ ಮೇ ಸರಿ, ಸೆಪ್ಟೆಂಬರ್ ಕೊನೆಯಿಂದ ಬಾಗಿಲು ಮುಚ್ಚುವವರೆಗೂ ಸರಿ, ಜುಲೈ-ಆಗಸ್ಟ್ ಖಂಡಿತ ಬೇಡ. ಸೂಟಿ ಮೇನಲ್ಲೇ ಇದ್ದು ಬೆಟ್ಟ ಯಾವುದಾದರೂ ಆದೀತು ಎನ್ನುವವರು ಕೇದಾರ ಆರಿಸಲಿ. ಗದ್ದಲ ಮಾತ್ರ ಸಹಿಸಬೇಕು.

ತಿಂಗಳು ಸರಿಯಾಗಿ ಆರಿಸಿದರೂ ದಿನಗಳ ಜೋಡಣೆ ಕೆಟ್ಟಿದ್ದರೆ ಪ್ರವಾಸ ಕೆಡುತ್ತದೆ. ಹುಬ್ಬಳ್ಳಿ ಸುಮಾರು 650 ಮೀಟರ್ ಎತ್ತರದಲ್ಲಿದೆ, ಲೇಹ್ 3,500. ದಿಲ್ಲಿಯಿಂದ ಒಂದೂವರೆ ತಾಸಿನಲ್ಲಿ ಅಲ್ಲಿಗೆ ಹಾರಿದ ದೇಹಕ್ಕೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ ಸಿಗುತ್ತದೆ. ಮೊದಲ ಎರಡು ರಾತ್ರಿ ಲೇಹ್‌ನಲ್ಲೇ, ಮೊದಲ ದಿನ ಪೂರ್ತಿ ಹಾಸಿಗೆಯಲ್ಲೇ ಎಂಬುದರಲ್ಲಿ ರಾಜಿ ಬೇಡ. ಮೇಲೆ ಹೇಳಿದ ಆರು ದಿನದ ಜೋಡಣೆಯಲ್ಲಿ ನಾಲ್ಕನೇ ರಾತ್ರಿಯೇ 4,200 ಮೀಟರಿನ ಪ್ಯಾಂಗಾಂಗ್‌ನಲ್ಲಿ ಮಲಗುವುದು ಬರುತ್ತದೆ. ತಲೆನೋವು, ವಾಂತಿ, ನಿದ್ದೆಗೇಡು ಹೆಚ್ಚಾಗಿ ಕಾಡುವುದು ಅಲ್ಲೇ. 3,100 ಮೀಟರ್ ಆಸುಪಾಸಿನ ನುಬ್ರಾದಲ್ಲಿ ಎರಡು ರಾತ್ರಿ ಇಟ್ಟು ಏಳು ದಿನ ಮಾಡಿದರೆ ದೇಹಕ್ಕೆ ಬಹಳ ಅನುಕೂಲ. ಒಂದು ದಿನದ ಹೆಚ್ಚಿನ ಖರ್ಚು ಖಂಡಿತ ಸಾರ್ಥಕ. ರಸ್ತೆಯಲ್ಲೇ ಹೋಗುವವರು ಶ್ರೀನಗರ, ಕಾರ್ಗಿಲ್ ಕಡೆಯಿಂದ ಹತ್ತಿ ಮನಾಲಿ ಕಡೆಗೆ ಇಳಿಯಲಿ. ಮನಾಲಿಯಿಂದ ಹೊರಟು ಅದೇ ರಾತ್ರಿ 4,200 ಮೀಟರ್ ಮೀರಿದ ಸರ್ಚುವಿನಲ್ಲಿ ಮಲಗಿಸುವ ಪ್ಯಾಕೇಜ್ ಎಷ್ಟೇ ಅಗ್ಗವಿರಲಿ, ತಗೊಳ್ಳಬೇಡಿ.

ಎತ್ತರದ ಕಾಯಿಲೆ ತಡೆಯಲು ಕೊಡುವ ಡೈಮಾಕ್ಸ್ ಗುಳಿಗೆಯನ್ನು ಡಾಕ್ಟರನ್ನು ಕೇಳಿಯೇ ತಗೊಳ್ಳಬೇಕು. ಸಲ್ಫಾ ಔಷಧ ಆಗದವರು ಅದನ್ನು ಮೊದಲೇ ಹೇಳಬೇಕು. ಕೂತಲ್ಲೇ ಏದುಸಿರು, ಕುಡಿದವರಂತೆ ತೂರಾಡುವುದು, ಮಾತು ತಡವರಿಸುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಸಬೇಕು. ಗಾಡಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ರಾತ್ರಿ ಚಾಲಕ ಅಲ್ಲೇ ಉಳಿಯುತ್ತಾನೆಯೇ ಎಂದು ಕೇಳಿ. ಹೊರಗಿನ ಟ್ಯಾಕ್ಸಿಗಳಿಗೆ ನುಬ್ರಾ, ಪ್ಯಾಂಗಾಂಗ್ ಸುತ್ತಿಸಲು ಅಲ್ಲಿನ ಟ್ಯಾಕ್ಸಿ ಸಂಘ ಬಿಡುವುದಿಲ್ಲ. ಹಾಗಾಗಿ ಲೇಹ್‌ನ ಗಾಡಿ ಬಾಡಿಗೆ ಪ್ಯಾಕೇಜಿನ ಬೆಲೆಯಲ್ಲೇ ಸೇರಿದೆಯೇ ಎಂಬುದೂ ಗೊತ್ತಿರಲಿ.

ಊಟಕ್ಕೆ ನಮ್ಮ ಕಡೆಯ ಅಡುಗೆಯವರನ್ನೇ ಕರೆದೊಯ್ಯುವ ತಂಡಗಳಿಗೆ ಹೆಚ್ಚು ಅಂಕ ಕೊಡಬೇಕು. ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತಿಟ್ಟರೂ ಗಟ್ಟಿಯೇ, ಕುಕ್ಕರ್ ಬೇಕೇ ಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೇಗೂ ಕೆಡುವುದಿಲ್ಲ. ಚಟ್ನಿಪುಡಿಯ ಸೀಲ್ ಮಾಡಿದ ಪಾಕೀಟು ಮಾತ್ರ ಮೇಲೇರಿದಂತೆ ಊದಿ ಒಡೆಯಬಹುದು, ಡಬ್ಬಿಗೆ ಸುರಿದುಕೊಳ್ಳಿ.

ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಇಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಬೇಕು. ಸ್ವೆಟರ್, ಕೈಗವಸುಗಳನ್ನು ಹಿಂದಿನ ಚಳಿಗಾಲದಲ್ಲೇ, ಟಿಬೆಟನ್ನರು ಊರಿಗೆ ಬಂದು ಅಂಗಡಿ ಹಾಕಿದಾಗ ಕೊಂಡಿಡಿ. ಆಗಸ್ಟ್‌ನಲ್ಲಿ ಹುಡುಕಿದರೆ ಹುಬ್ಬಳ್ಳಿಯಲ್ಲಿ ಸಿಗುವುದು ಮಳೆಕೋಟು. ಲೇಹ್‌ನಿಂದ ವಿಮಾನ ಹಾರುವುದು ಹೆಚ್ಚಾಗಿ ಬೆಳಗಿನ ಹೊತ್ತು, ಏಕೆಂದರೆ ಮಧ್ಯಾಹ್ನ ಗಾಳಿ ಜೋರಾಗುತ್ತದೆ. ಮೋಡ ಕವಿದರೆ ಆ ದಿನದ್ದು ರದ್ದು. ಹಾಗಾಗಿ ದಿಲ್ಲಿಯಿಂದ ಹುಬ್ಬಳ್ಳಿಗೆ ಅದೇ ದಿನದ ರೈಲು ಹಿಡಿಸುವ ಪ್ಯಾಕೇಜನ್ನು ಒಪ್ಪಬೇಡಿ, ನಡುವೆ ಒಂದು ರಾತ್ರಿ ಬಿಡಿಸಿಕೊಳ್ಳಿ.