ಆಯಿಲ್ ಅಡಿಟಿವ್ ಡೆಮೊ ನಂಬಬೇಡಿ, ನಾನು ನಂಬಿ ಗೇರ್‌ಬಾಕ್ಸ್ ಕೆಡಿಸ್ಕೊಂಡೆ

ಬರೆಯೋಕೇ ನಾಚಿಕೆ ಆಗ್ತಿದೆ, ಇಷ್ಟು ವರ್ಷ ಮೆಷಿನ್ ಮಧ್ಯೆನೇ ಇದ್ದು ಹಿಂಗೆ ಬಿದ್ನಲ್ಲ ಅಂತ.

ಆಯಿಲ್‌ಗೆ ಬೆರೆಸಿದ್ರೆ ಸವೆತ ಕಮ್ಮಿ ಆಗುತ್ತೆ ಅಂತ ಅಡಿಟಿವ್ ಮಾರೋನೊಬ್ಬ ತೋರಿಸಿದ ಅದೇ ಡೆಮೊ, ನೀವೂ ನೋಡಿರ್ತೀರ. ತಿರುಗೋ ರಿಂಗ್‌ಗೆ ಒಂದು ರೋಲರ್ ಒತ್ತೋದು, ಲಿವರ್ ಮೇಲೆ ತೂಕ ಹೇರೋದು. ಮಾಮೂಲಿ ಆಯಿಲಲ್ಲಿ ಕಿರ್ರ್ ಅಂತ ಮೋಟ್ರು ನಿಂತೋಯ್ತು. ಅವನ ಅಡಿಟಿವ್ ನಾಲ್ಕು ಹನಿ ಹಾಕಿದ, ಎಷ್ಟು ತೂಕ ಹೇರಿದ್ರೂ ನಿಲ್ಲಲಿಲ್ಲ. ಅಲ್ಲೇ ತಗೊಂಡು ಬಂದು ನನ್ನ ವರ್ಮ್ ಗೇರ್‌ಬಾಕ್ಸ್‌ಗೆ (ಸ್ಕ್ರೂ ಥರದ ಉಕ್ಕಿನ ಶಾಫ್ಟ್ ಕಂಚಿನ ಹಲ್ಲುಚಕ್ರನ ತಿರುಗಿಸೋದು) ಸುರಿದೆ. ಕೆಲವು ತಿಂಗಳಾದ್ಮೇಲೆ ಬಿಚ್ಚಿದ್ರೆ ಕಂಚಿನ ಚಕ್ರ ಕಪ್ಪಗಾಗಿದೆ, ಹಲ್ಲಿನ ಮೇಲೆಲ್ಲ ಸೂಜಿಮೊನೆಯಷ್ಟು ಗುಳಿ, ತಳದ ಆಯಿಲಲ್ಲಿ ಕಂಚಿನ ಪುಡಿ ಮಿಣಮಿಣ ಅಂತಿದೆ.

ಫೋನ್ ಮಾಡಿದ್ರೆ "ಸರ್, ನೀವೇ ಕಣ್ಣಾರೆ ನೋಡಿದ್ರಲ್ಲ" ಅಂತಾನೆ. ಹೌದು ನೋಡಿದೆ, ಅದಕ್ಕೇ ಹೊಟ್ಟೆ ಉರಿಯೋದು! ಡೆಮೊ ವಿಡಿಯೋ ಮಾಡ್ಕೊಂಡಿದ್ದೆ, ಈಗ ನಿಧಾನಕ್ಕೆ ಹಾಕ್ಕೊಂಡು ನೋಡಿದ್ರೆ, ಮೊದಲ್ನೇ ಸಲ ರೋಲರ್‌ದು ಹೊಸ ಮೈ, ಒಂದು ಗೆರೆಯಷ್ಟು ಜಾಗದ ಮೇಲೆ ಇಡೀ ಭಾರ. ಎರಡನೇ ಸಲ ಅದನ್ನ ತಿರುಗಿಸಲೇ ಇಲ್ಲ. ಆಗಲೇ ಸವೆದು ಅಗಲ ಆಗಿದ್ದ ಗಾಯದ ಮೇಲೇ ಒತ್ತಿದ, ಜಾಗ ಜಾಸ್ತಿ ಆದ್ರೆ ಒತ್ತಡ ಕಮ್ಮಿ ಆಗುತ್ತೆ, ಅಷ್ಟೇ. ತಿರುಗಿಸಲೇ ಇಲ್ಲ, ನನ್ನ ಕಣ್ಣೆದುರಿಗೇ, ನಾನು ತಲೆ ಆಡಿಸ್ತಾ ನಿಂತಿದೀನಿ.

ರಿಪೋರ್ಟ್ ಕೇಳ್ದೆ. ಫೋರ್ ಬಾಲ್ ಟೆಸ್ಟ್‌ದು ಕಳಿಸ್ದ (ಆಯಿಲಲ್ಲಿ ಮೂರು ಉಕ್ಕಿನ ಗುಂಡಿನ ಮೇಲೆ ನಾಲ್ಕನೇದನ್ನ ಒತ್ತಿ ತಿರುಗಿಸೋದು), ಅದರಲ್ಲಿ ಬರೀ ವೆಲ್ಡ್ ಲೋಡ್. ತೂಕ ಏರಿಸ್ತಾ ಏರಿಸ್ತಾ 10 ಸೆಕೆಂಡ್ ತಿರುಗಿಸಿ, ಗುಂಡುಗಳು ಬೆಸೆದುಕೊಳ್ಳೋ ತನಕ ನೋಡೋದು ಅದು. ಆ ನಂಬರ್ ದೊಡ್ಡದಿದ್ರೆ ದಿನಾ ಓಡೋ ಗೇರ್ ಸವೆಯಲ್ಲ ಅಂತ ಅಲ್ವಲ್ಲ! ಸವೆತಕ್ಕೆ ಬೇರೆ ಟೆಸ್ಟೇ ಇದೆ, ಎಎಸ್‌ಟಿಎಂ ಅನ್ನೋ ಅಮೆರಿಕದ ಸ್ಟ್ಯಾಂಡರ್ಡ್ ಸಂಸ್ಥೆಯ ಡಿ4172, 40 ಕೆಜಿ ಲೋಡಲ್ಲಿ 75 ಡಿಗ್ರಿಗೆ 1200 ಆರ್‌ಪಿಎಂನಲ್ಲಿ ಒಂದು ಗಂಟೆ ಓಡಿಸಿ, ಗುಂಡಿನ ಮೇಲಿನ ಗಾಯನ ಮೈಕ್ರೋಸ್ಕೋಪಲ್ಲಿ ಅಳೀತಾರೆ. ಅದು ಎಲ್ಲಿ ಅಂದೆ. "ಅದೆಲ್ಲ ಲ್ಯಾಬ್‌ನವರಿಗೆ ಸರ್, ನಿಮಗ್ಯಾಕೆ." ಕಂಚಲ್ಲಿ ತಾಮ್ರನೇ ಜಾಸ್ತಿ ಅಲ್ವಾ, ತಾಮ್ರದ ಪಟ್ಟಿ ಕಪ್ಪಾಗುತ್ತಾ ನೋಡೋ ಡಿ130 ಟೆಸ್ಟ್? "ನಮ್ಮ ಪ್ರಾಡಕ್ಟ್‌ಗೆ ಬೇಕಾಗಲ್ಲ." ಕ್ಲೋರಿನ್ ಇದೆಯಾ? "ಫಾರ್ಮುಲಾ ಸೀಕ್ರೆಟ್." ಕ್ಲೋರಿನ್ ಇರೋ ಪ್ಯಾರಾಫಿನ್ ಈ ಡೆಮೊಲಿ ಚೆನ್ನಾಗಿ ಗೆಲ್ಲುತ್ತೆ, ಉಜ್ಜಿ ಕಾದ ಕಬ್ಬಿಣದ ಮೇಲೆ ಪದರ ಕಟ್ಟುತ್ತೆ, ಆದ್ರೆ ತೇವ ಸೇರಿದ್ರೆ ಆಸಿಡ್ ಆಗುತ್ತೆ.

ಯಾರಾದ್ರೂ ಡೆಮೊಗೆ ಬಂದ್ರೆ ಪ್ರತಿ ಸಲ ರೋಲರ್ ಹೊಸ ಮೈಗೆ ತಿರುಗಿಸು ಅನ್ನಿ, ಅವನ ಆಯಿಲ್ ಮೊದಲು ಹಾಕಿಸಿ. ಒಳಗೆ ಕಂಚು ಇದ್ರೆ ಡಿ130 ರಿಪೋರ್ಟ್ ನೋಡ್ದೆ ಒಂದು ಹನಿನೂ ಬೇಡ.

"ನಿಮ್ಮ ಗೇರ್‌ಬಾಕ್ಸೇ ಹಳೇದು ಸರ್" ಅಂತ ಕೊನೇ ಮಾತು. ವಿಡಿಯೋ ಕಳಿಸಿ, ರೋಲರ್ ಯಾಕೆ ತಿರುಗಿಸಲಿಲ್ಲ ಹೇಳು ಅಂತ ಮೆಸೇಜ್ ಹಾಕ್ದೆ. ನೋಡಿದಾನೆ, ಉತ್ತರ ಇಲ್ಲ.