ಮೂರು ಟೈಮ್ ಟ್ರಾವೆಲ್ ಸರಣಿಗಳು, ಕೈತಪ್ಪಿದ ಒಂದು ಭಾಗ

‘ಅಮ್ಮಾ, ಈ ಬೆಕ್ಸ್ ಯಾರು? ಎಲ್ಲಿಂದ ಬಂದಳು ಇವಳು?’

ಹದಿಮೂರು ವರ್ಷದ ಮಗಳು ಪುಸ್ತಕದ ನಡುವೆ ಬೆರಳಿಟ್ಟುಕೊಂಡು ಬಂದು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಜೊತೆ ನಾನೂ ಓದುತ್ತಿದ್ದೆ. ನನಗೂ ಅದೇ ಗೊಂದಲ.

ಇತ್ತೀಚೆಗೆ ನಾವಿಬ್ಬರೂ ಮೂರು ಸರಣಿ ಓದಿದೆವು: ಅಲೆಕ್ಸ್ ಸ್ಕ್ಯಾರೋ ಅವರ ‘ಟೈಮ್‌ರೈಡರ್ಸ್’, ಕೆರ್ಸ್ಟಿನ್ ಗೀರ್ ಅವರ ‘ರೂಬಿ ರೆಡ್’, ಮಾರ್ಗರೆಟ್ ಪೀಟರ್ಸನ್ ಹ್ಯಾಡಿಕ್ಸ್ ಅವರ ‘ದಿ ಮಿಸ್ಸಿಂಗ್’. ನನ್ನ ಓಟು ‘ದಿ ಮಿಸ್ಸಿಂಗ್’ಗೆ. ಯಾಕೆ ಅಂತ ಹೇಳುವ ಮೊದಲು ಬೆಕ್ಸ್ ಕಥೆ ಮುಗಿಸುತ್ತೇನೆ.

‘ಟೈಮ್‌ರೈಡರ್ಸ್’ನಲ್ಲಿ ಒಟ್ಟು 9 ಪುಸ್ತಕ. ಹೊಸದು ಕೊಳ್ಳಲು ದುಬಾರಿ ಅನ್ನಿಸಿ ಸೆಕೆಂಡ್ ಹ್ಯಾಂಡ್ ಸೆಟ್ ತರಿಸಿದೆ. ಪಾರ್ಸೆಲ್ ಬಿಚ್ಚಿ ಎಣಿಸಿದೆ, ಸರಿಯಾಗಿ ಒಂಬತ್ತು ಇದ್ದವು. ನಾನು ಎಡವಿದ್ದು ಅಲ್ಲೇ. ಎಲ್ಲ ಪುಸ್ತಕಗಳ ಮೇಲೂ ಸರಣಿಯ ಹೆಸರೇ ದೊಡ್ಡದಾಗಿರುತ್ತದೆ. ಮೊದಲ ಭಾಗಕ್ಕಂತೂ ಬೇರೆ ಹೆಸರೇ ಇಲ್ಲ, ಅದೂ ‘ಟೈಮ್‌ರೈಡರ್ಸ್’. ನಮಗೆ ಬಂದ ಸೆಟ್‌ನಲ್ಲಿ ಆ ಮೊದಲ ಭಾಗವೇ ಎರಡು ಇತ್ತು, ಬೇರೆ ಬೇರೆ ಮುಖಪುಟದಲ್ಲಿ. ಎರಡನೆಯ ಭಾಗ ‘ಡೇ ಆಫ್ ದಿ ಪ್ರಿಡೇಟರ್’ ಇರಲೇ ಇಲ್ಲ. ನಾವು ಒಂದನೆಯದು ಮುಗಿಸಿ ನೇರವಾಗಿ ಮೂರನೆಯದಕ್ಕೆ ಹಾರಿದ್ದೆವು. ಬೆಕ್ಸ್ ಕಥೆಯೊಳಗೆ ಬರುವುದು ಎರಡರಲ್ಲಿ.

ಮಾರಿದವರು ‘ಫೋಟೋದಲ್ಲಿ ಇದ್ದದ್ದನ್ನೇ ಕಳಿಸಿದ್ದೇವೆ’ ಅಂದರು. ಆ ಒಂದು ಭಾಗವನ್ನು ಬೇರೆಯಾಗಿ ಹುಡುಕಿ ತರಿಸಲು ಮೂರು ವಾರ ಹಿಡಿಯಿತು. ಬಂದ ಮೇಲೂ ಮಜಾ ಬರಲಿಲ್ಲ. ಅದರಲ್ಲಿ ಲಿಯಾಮ್ ಎಂಬ ಹುಡುಗ ಆರೂವರೆ ಕೋಟಿ ವರ್ಷ ಹಿಂದಕ್ಕೆ, ಡೈನೋಸಾರ್‌ಗಳ ನಡುವೆ ಹೋಗಿ ಬೀಳುತ್ತಾನೆ. ಅವನು ವಾಪಸ್ ಬರುತ್ತಾನಾ ಅನ್ನುವುದೇ ಇಡೀ ಪುಸ್ತಕದ ಜೀವ. ಮೂರನೆಯ ಭಾಗದಲ್ಲಿ ಅವನನ್ನು ಆರಾಮಾಗಿ ನೋಡಿ ಬಂದವಳಿಗೆ ಇನ್ನೇನು ಭಯ? ಅರ್ಧಕ್ಕೇ ಮುಚ್ಚಿಟ್ಟಳು. ಮೂರು ವಾರ ಕಾದಿದ್ದ ನನಗೆ ನಿಜಕ್ಕೂ ಬೇಜಾರಾಯಿತು.

ಸರಣಿ ಮಾತ್ರ ಗಟ್ಟಿ. ಟೈಟಾನಿಕ್ ಮುಳುಗುವಾಗ, ವಿಮಾನ ಬೀಳುವಾಗ, ಬೆಂಕಿಯ ನಡುವೆ, ಹೀಗೆ ಸಾಯಬೇಕಿದ್ದ ಮೂವರನ್ನು ಕೊನೆ ಗಳಿಗೆಯಲ್ಲಿ ಎತ್ತಿಕೊಂಡು ಬಂದು ಇತಿಹಾಸ ಕಾಯುವ ಕೆಲಸಕ್ಕೆ ಹಚ್ಚುತ್ತಾರೆ. ನ್ಯೂಯಾರ್ಕಿನ ಒಂದು ಸೇತುವೆಯ ಕಮಾನಿನ ಕೆಳಗೆ ಅವರ ಅಡ್ಡಾ. ಅಲ್ಲಿ 2001ರ ಸೆಪ್ಟೆಂಬರ್ 10 ಮತ್ತು 11, ಈ ಎರಡೇ ದಿನ ಮತ್ತೆ ಮತ್ತೆ ಬರುತ್ತವೆ. ಸಾಲ್ ಎಂಬ ಹುಡುಗಿ ಹೊರಗೆ ಹೋಗಿ ಟೈಮ್ಸ್ ಸ್ಕ್ವೇರ್ ನೋಡುತ್ತಾಳೆ. ನಿನ್ನೆ ಇದ್ದದ್ದು ಇವತ್ತು ಸ್ವಲ್ಪ ಬೇರೆಯಾಗಿದ್ದರೆ, ಹಿಂದೆ ಎಲ್ಲೋ ಯಾರೋ ಇತಿಹಾಸಕ್ಕೆ ಕೈ ಹಾಕಿದ್ದಾರೆ ಅಂತ ಅರ್ಥ. ಓದುವಾಗ ಮೈ ಜುಂ ಅನ್ನುತ್ತದೆ. ಹೊಡೆದಾಟ, ರಕ್ತ ಜಾಸ್ತಿ. ಮಲಗುವ ಹೊತ್ತಿಗೆ ಬೇಡ.

‘ರೂಬಿ ರೆಡ್’ ಜರ್ಮನ್‌ನಿಂದ ಇಂಗ್ಲಿಷಿಗೆ ಬಂದದ್ದು, ಮೂರೇ ಭಾಗ. ಕಾಲದಲ್ಲಿ ಹಿಂದೆ ಹೋಗುವ ಗುಣ ಎರಡು ಮನೆತನಗಳಲ್ಲಿ ಹರಿದು ಬಂದಿರುತ್ತದೆ. ವರ್ಷಗಟ್ಟಲೆ ತರಬೇತಿ ಪಡೆದ ಷಾರ್ಲೆಟ್‌ಗೆ ಅದು ಬರುವುದಿಲ್ಲ, ಏನೂ ಕಲಿಯದ ಗ್ವೆನೆತ್‌ಗೆ ಬಂದುಬಿಡುತ್ತದೆ. ನಗಿಸುತ್ತದೆ, ಓದು ಸರಾಗ. ಪ್ರೀತಿ ಪ್ರೇಮದ ಭಾಗ ಬಂದಾಗೆಲ್ಲ ಮಗಳು ಪುಟ ಹಾರಿಸಿದಳು. ಇನ್ನೆರಡು ವರ್ಷ ಕಳೆದರೆ ಅದನ್ನೇ ಹುಡುಕಿ ಓದುತ್ತಾಳೇನೋ. ಮೂರೂ ಸೇರಿ ಒಂದೇ ಕಥೆ, ಹಾಗಾಗಿ ಕೊಂಡರೆ ಮೂರನ್ನೂ ಒಟ್ಟಿಗೇ ಕೊಳ್ಳಿ.

ಈಗ ನಮ್ಮ ‘ದಿ ಮಿಸ್ಸಿಂಗ್’. ಪೈಲಟ್ ಇಲ್ಲದ ಒಂದು ವಿಮಾನ ಎಲ್ಲಿಂದಲೋ ಬಂದು ನಿಲ್ಲುತ್ತದೆ. ಒಳಗೆ 36 ಹಸುಗೂಸುಗಳು, ದೊಡ್ಡವರು ಒಬ್ಬರೂ ಇಲ್ಲ. ಹದಿಮೂರು ವರ್ಷ ಕಳೆದ ಮೇಲೆ, ದತ್ತು ಮಗ ಜೋನಾಗೆ ಒಂದು ಕಾಗದ ಬರುತ್ತದೆ: ಕಾಣೆಯಾದವರಲ್ಲಿ ನೀನೂ ಒಬ್ಬ. ಇತಿಹಾಸದಿಂದ ಕದ್ದು ತಂದ ಮಕ್ಕಳು ಇವರು.

ನನಗೆ ತುಂಬಾ ಹಿಡಿಸಿದ್ದು ‘ಟ್ರೇಸರ್’. ಯಾರೂ ಕೈ ಹಾಕದಿದ್ದರೆ ಆ ಗಳಿಗೆಯಲ್ಲಿ ಏನು ನಡೆಯಬೇಕಿತ್ತೋ, ಅದನ್ನು ಮಂಕಾಗಿ ಹೊಳೆಯುವ ಒಂದು ಆಕಾರ ನಡೆಸಿಕೊಂಡು ಹೋಗುತ್ತದೆ. ಎರಡನೆಯ ಭಾಗದಲ್ಲಿ 1483ರ ಲಂಡನ್. ಜೋನಾನ ಗೆಳೆಯ ಚಿಪ್ ಮತ್ತು ಅಲೆಕ್ಸ್ ಆ ಕಾಲದಿಂದ ಕದ್ದು ತಂದ ರಾಜಕುಮಾರರು. ತಮ್ಮ ತಮ್ಮ ಟ್ರೇಸರ್ ಒಳಗೆ ಸೇರಿಕೊಂಡರೆ ರಾಜಕುಮಾರರ ಹಾಗೇ ಮಾತಾಡುತ್ತಾರೆ, ಅವರ ಹಾಗೇ ಯೋಚಿಸುತ್ತಾರೆ. ಹೊರಗೆ ಬರಲು ಮನಸ್ಸೇ ಆಗುವುದಿಲ್ಲ. ಗೆಳೆಯ ಕೈಬಿಟ್ಟು ಹೋಗುತ್ತಾನೇನೋ ಅನ್ನುವ ಜೋನಾನ ಆತಂಕ ಓದುವವರಿಗೂ ಅಂಟುತ್ತದೆ. ‘ಟೈಮ್‌ರೈಡರ್ಸ್’ನಷ್ಟು ರಕ್ತ ಇಲ್ಲದೆ ಅಷ್ಟು ಸಸ್ಪೆನ್ಸ್.

ಆ ಭಾಗ ಮುಗಿದ ಮರುದಿನ ಮಗಳು ತಾನಾಗಿಯೇ ಆ ರಾಜಕುಮಾರರಾದ ಐದನೇ ಎಡ್ವರ್ಡ್ ಮತ್ತವನ ತಮ್ಮ ರಿಚರ್ಡ್ ಬಗ್ಗೆ ಓದುತ್ತಾ ಕೂತಿದ್ದಳು. ಟವರ್ ಆಫ್ ಲಂಡನ್‌ನಲ್ಲಿ ಇಟ್ಟಿದ್ದ ಆ ಹುಡುಗರು ಏನಾದರು ಎಂಬುದು ಇನ್ನೂ ವಾದದಲ್ಲೇ ಇದೆ. ಮುಂದೆ ಅಮೆರಿಕದಲ್ಲಿ ಕಾಣೆಯಾದ ರೋವನೋಕ್ ವಸಾಹತಿನಲ್ಲಿ ಹುಟ್ಟಿದ ವರ್ಜೀನಿಯಾ ಡೇರ್ ಬರುತ್ತಾಳೆ, ಐನ್‌ಸ್ಟೈನ್ ಮಗಳು ಲೀಸರ್ಲ್ ಬರುತ್ತಾಳೆ. ನಾನು ‘ಇತಿಹಾಸ ಓದೇ’ ಅಂತ ಒಂದು ಸಲವೂ ಹೇಳಬೇಕಾಗಲಿಲ್ಲ.

ಕೊರತೆ ಒಂದಿದೆ. ಮೊದಲ ಪುಸ್ತಕ ಮುಗಿಯುವ ಹೊತ್ತಿಗಷ್ಟೇ ಪಯಣ ಶುರುವಾಗುತ್ತದೆ. ಆದ್ದರಿಂದ ಮೊದಲೆರಡನ್ನು ಜೋಡಿಯಾಗಿ ತಗೊಳ್ಳಿ. ಒಟ್ಟು 8 ಭಾಗ, 2008ರಿಂದ 2015ರವರೆಗೆ ಬಂದವು. ಆಮೇಲಿನ ಒಂದೊಂದು ಭಾಗದಲ್ಲೂ ಹೊಸ ಕಾಲ, ಹೊಸ ಒಗಟು. ನಮ್ಮದು ರಾತ್ರಿ ಒಂದೋ ಎರಡೋ ಅಧ್ಯಾಯ, ತಿಂಗಳಿಗೊಂದು ಪುಸ್ತಕ. ಅದಕ್ಕೆ ಇದು ಹೇಳಿ ಮಾಡಿಸಿದಂತಿತ್ತು, ಜೇಬಿಗೂ ಭಾರ ಅನ್ನಿಸಲಿಲ್ಲ. ರಜೆಯಲ್ಲಿ ಒಂದೇ ಉಸಿರಿಗೆ ಓದುವ ಮಕ್ಕಳಿದ್ದರೆ ‘ಟೈಮ್‌ರೈಡರ್ಸ್’ ತರಿಸಿ. ತರಿಸುವಾಗ ಒಂಬತ್ತೂ ಹೆಸರು ಬರೆದಿಟ್ಟುಕೊಂಡು ಒಂದೊಂದನ್ನೇ ತಾಳೆ ನೋಡಿ.

ನಮ್ಮಲ್ಲಿ ಎರಡಿದ್ದ ಮೊದಲ ಭಾಗದ ಒಂದು ಪ್ರತಿಯನ್ನು ಮಗಳು ಗೆಳತಿಗೆ ಕೊಟ್ಟಳು. ಆ ಹುಡುಗಿ ನಾಲ್ಕೇ ದಿನದಲ್ಲಿ ಮುಗಿಸಿ ಎರಡನೆಯದು ಕೇಳಿಕೊಂಡು ಬಂದಿದ್ದಾಳೆ.