ಗಣಿ ಗುಡ್ಡೆಗೆ ಯಾವ ಗಿಡ: ಅಕೇಶಿಯಾನಾ, ಹೊಂಗೆನಾ?

ಸಂಡೂರಿನ ಕಡೆ ಗಣಿ ತ್ಯಾಜ್ಯದ ಗುಡ್ಡೆ ನೋಡಿದ್ದೀರಾ? ಕೆಂಪು ಪುಡಿ, ಕಲ್ಲು, ಅಷ್ಟೇ. ಜೋರು ಮಳೆ ಬಂದರೆ ಅದೆಲ್ಲ ಕೆಳಗಿನ ಹಳ್ಳಕ್ಕೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದ ಗಣಿಗಾರಿಕೆ ಇಲ್ಲಿ ಮತ್ತೆ ಶುರುವಾಗಿದ್ದೇ ಪುನಶ್ಚೇತನದ, ಅಂದರೆ ಕೆಟ್ಟ ನೆಲವನ್ನು ಸರಿಪಡಿಸಿ ಮತ್ತೆ ಹಸಿರು ಮಾಡುವ, ಷರತ್ತಿನ ಮೇಲೆ.

ಅಕೇಶಿಯಾ ಬೇಗ ಬೆಳೆಯುತ್ತದೆ. ಬಡ ಮಣ್ಣು ಸಾಕು, ದನವೂ ಅಷ್ಟಾಗಿ ಮುಟ್ಟುವುದಿಲ್ಲ. ಫೋಟೋಗೆ ಹಸಿರು ರೆಡಿ!

ಹೊಂಗೆ, ಹಾಗೇ ಒಣಕಾಡಿನ ಮರವಾದ ಕಮರ, ಎರಡೂ ನಿಧಾನ. ಮೊದಲ ಎರಡು ಬೇಸಿಗೆ ನೀರು ಹಾಕಬೇಕು. ಕಮರದ ಚಿಗುರು ಕಂಡರೆ ಆಡು ಬಿಡುತ್ತಾ? ಬೇಲಿ ಬೇಕೇ ಬೇಕು, ಖರ್ಚು ಜಾಸ್ತಿ.

ವ್ಯತ್ಯಾಸ ಗೊತ್ತಾಗುವುದು ಬುಡದಲ್ಲಿ. ಅಕೇಶಿಯಾದ ಒಣ ಎಲೆ ಚರ್ಮದ ಹಾಗೆ ಗಟ್ಟಿ, ಬೇಗ ಕೊಳೆಯದೆ ಚಾಪೆಯಂತೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ. ಹೊಂಗೆ ಸೊಪ್ಪು ಹಾಗಲ್ಲ. ನಮ್ಮ ರೈತರು ಗದ್ದೆಗೆ ತುಳಿಯುತ್ತಿದ್ದ ಗೊಬ್ಬರವೇ ಅದು, ಅಲ್ವಾ? ಅಕೇಶಿಯಾ, ಹೊಂಗೆ ಎರಡೂ ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿಯುತ್ತವೆ, ಅದರಲ್ಲಿ ಭೇದವಿಲ್ಲ.

ನನ್ನ ಆಯ್ಕೆ ಹೊಂಗೆ, ಕಮರ. ಆದರೆ ಇಳಿಜಾರನ್ನು ಮೆಟ್ಟಿಲು ಮಾಡಿ, ಗಣಿ ಅಗೆಯುವ ಮೊದಲು ಎತ್ತಿಟ್ಟ ಮೇಲ್ಮಣ್ಣು ಹರಡಿ, ಅಂಚಿಗೆ ಲಾವಂಚ ನೆಟ್ಟ ಮೇಲೆ. ಅದಿಲ್ಲದೆ ಸುಮ್ನೆ ಗುಂಡಿ ತೋಡಿದರೆ ಗಿಡವೂ ಮಳೆಯ ಜೊತೆ ಹಳ್ಳಕ್ಕೆ ಹೋಗುತ್ತದೆ.